ಖಿನ್ನತೆಯ ಮಾತ್ರೆಗೆ ಮೈ ಬರುತ್ತದೆಯೇ?

ನ್ಯೂಯಾರ್ಕ್ ನಗರದ ಸ್ಟೇಟನ್ ಐಲೆಂಡಿನಲ್ಲಿದ್ದ ಸೀ ವ್ಯೂ ಆಸ್ಪತ್ರೆ ಕ್ಷಯರೋಗಿಗಳದು. 1952ರಲ್ಲಿ ಅಲ್ಲಿ ಐಪ್ರೋನಿಯಜಿಡ್ ಎಂಬ ಹೊಸ ಔಷಧವನ್ನು ಕೊಟ್ಟು ನೋಡುತ್ತಿದ್ದರು. ಶ್ವಾಸಕೋಶಕ್ಕೆಂದು ಕೊಟ್ಟ ಮದ್ದು ಮನಸ್ಸಿಗೂ ತಾಗಿತು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡಿದರು, ನಕ್ಕರು, ಬಡಿಸಿದ್ದು ಸಾಲದೆಂದು ಮತ್ತೆ ಕೇಳಿ ಹಾಕಿಸಿಕೊಂಡರು. ಸೊರಗಿದ ಮೈ ತುಂಬಿಕೊಂಡಿತು. ವಾರ್ಡಿನಲ್ಲಿ ಕುಣಿಯುತ್ತಿದ್ದ ರೋಗಿಗಳ ಫೋಟೊಗಳು ಪತ್ರಿಕೆಗಳಲ್ಲಿ ಬಂದವು. ಐದು ವರ್ಷಗಳ ಬಳಿಕ ನೇಥನ್ ಕ್ಲೈನ್ ಮತ್ತು ಸಂಗಡಿಗರು ಅದೇ ಔಷಧವನ್ನು ಖಿನ್ನತೆಗೆ ಬಳಸಿ ವರದಿ ಕೊಟ್ಟರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ರೋಲಾಂಡ್ ಕೂನ್ ಎಂಬ ಮನೋವೈದ್ಯರು ಇಮಿಪ್ರಮಿನ್ ಮಾತ್ರೆಯ ಗುಣ ಕಂಡುಕೊಂಡರು. ಖಿನ್ನತೆಯ ಮದ್ದುಗಳ ಕಾಲ ಶುರುವಾದದ್ದು ಹೀಗೆ. ಈ ಕಥೆಯಲ್ಲಿ ಹಸಿವು ಮೊದಲಿನಿಂದಲೂ ಇದೆ.

ಕ್ಷಯದ ವಾರ್ಡಿನಲ್ಲಿ ತೂಕ ಏರುವುದು ಒಳ್ಳೆಯ ಸುದ್ದಿಯಾಗಿತ್ತು. ಇವತ್ತು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮನೋವೈದ್ಯರ ಎದುರು ಕೂತವರಲ್ಲಿ ಅನೇಕರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅದೇ ದೊಡ್ಡ ಭಯ. ‘ಈ ಮಾತ್ರೆ ತಗೊಂಡ್ರೆ ದಪ್ಪ ಆಗ್ತೀನಾ ಡಾಕ್ಟ್ರೇ?’ ಎಂಬ ಪ್ರಶ್ನೆ ಕೆಲವರ ಬಾಯಿಂದ ಹೊರಬರುತ್ತದೆ, ಹಲವರ ಗಂಟಲಲ್ಲೇ ಉಳಿಯುತ್ತದೆ. ಕೇಳಿದವರಿಗೆ ಎರಡು ಬಗೆಯ ಉತ್ತರ ಸಿಗುವುದುಂಟು: ‘ಹಾಗೇನೂ ಆಗಲ್ಲ, ತಲೆ ಕೆಡಿಸ್ಕೋಬೇಡಿ’, ಇಲ್ಲವೇ ‘ಮೊದಲು ಮನಸ್ಸು ಸರಿಹೋಗಲಿ, ತೂಕ ಆಮೇಲೆ ನೋಡೋಣ’. ಎರಡೂ ನನಗೆ ಒಪ್ಪಿಗೆಯಿಲ್ಲ. ಇದು ಕ್ಷುಲ್ಲಕ ಪ್ರಶ್ನೆಯಲ್ಲ, ಮತ್ತು ಇದಕ್ಕೆ ನೇರವಾದ ಉತ್ತರವಿದೆ. ಯಾವ ಮಾತ್ರೆ, ಎಷ್ಟು ಕಾಲ, ಯಾರ ಮೈಯಲ್ಲಿ ಎಂಬುದರ ಮೇಲೆ ಆ ಉತ್ತರ ಬದಲಾಗುತ್ತದೆ, ಅಷ್ಟೇ.

ಮಾತ್ರೆಗೂ ಮುಂಚೆ ಕಾಯಿಲೆಯ ಮಾತು. ಖಿನ್ನತೆಯೇ ತೂಕವನ್ನು ಕದಲಿಸುವ ಕಾಯಿಲೆ. ಮನೋವೈದ್ಯರು ಬಳಸುವ ರೋಗಲಕ್ಷಣಗಳ ಪಟ್ಟಿಯಲ್ಲಿ ಹಸಿವು ಮತ್ತು ತೂಕದ ಏರುಪೇರಿಗೆ ಒಂದು ಜಾಗವಿದೆ: ಪಥ್ಯ ಮಾಡದೆಯೂ ಒಂದು ತಿಂಗಳಲ್ಲಿ ದೇಹತೂಕದ ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಅದು ಗಮನಿಸಬೇಕಾದ ಲಕ್ಷಣ. 60 ಕೆ.ಜಿ. ತೂಗುವವರಿಗೆ ಅದು ಮೂರು ಕೆ.ಜಿ. ಕೆಲವರಿಗೆ ಅನ್ನ ಕಂಡರೆ ಆಗದು. ಬಾಯಿಗಿಟ್ಟ ತುತ್ತು ಮಣ್ಣು ತಿಂದಂತೆ, ಬೆಳಗಿನ ಜಾವ ಎಚ್ಚರ, ಎರಡೇ ತಿಂಗಳಿಗೆ ಕುಪ್ಪಸ ಸಡಿಲ. ಇನ್ನು ಕೆಲವರಿಗೆ ಇದರ ತಿರುಗುಮುರುಗು. ಹೊತ್ತುಗೊತ್ತಿಲ್ಲದೆ ಸಿಹಿ ಬೇಕು, ಕರಿದದ್ದು ಬೇಕು, ಹತ್ತು ಗಂಟೆ ಮಲಗಿದರೂ ಮೈ ಭಾರ. ಇವರು ಮಾತ್ರೆಯ ಮುಖ ನೋಡುವ ಮೊದಲೇ ದಪ್ಪಗಾಗಿರುತ್ತಾರೆ. ಬೊಜ್ಜೂ ಖಿನ್ನತೆಯೂ ಒಂದನ್ನೊಂದು ಸಾಕುತ್ತವೆ ಎಂಬುದಕ್ಕೆ 2010ರ ಒಂದು ಸಮಗ್ರ ವಿಶ್ಲೇಷಣೆ ಲೆಕ್ಕವನ್ನೇ ಕೊಟ್ಟಿದೆ. ಬೊಜ್ಜಿದ್ದವರಿಗೆ ಮುಂದೆ ಖಿನ್ನತೆ ಬರುವ ಸಂಭವ ಶೇ 55ರಷ್ಟು ಹೆಚ್ಚು, ಖಿನ್ನತೆ ಇದ್ದವರಿಗೆ ಬೊಜ್ಜು ಬರುವ ಸಂಭವ ಶೇ 58ರಷ್ಟು ಹೆಚ್ಚು.

ಹೀಗಾಗಿ ಮಾತ್ರೆ ಶುರುಮಾಡಿದ ಮೇಲೆ ಏರಿದ ಪ್ರತಿ ಕೆ.ಜಿ.ಯೂ ಮಾತ್ರೆಯ ಲೆಕ್ಕಕ್ಕೆ ಸೇರುವುದಿಲ್ಲ. ಊಟ ಬಿಟ್ಟು ಸೊರಗಿದವಳು ಚೇತರಿಸಿಕೊಂಡು ಮತ್ತೆ ಉಣ್ಣತೊಡಗಿದರೆ ತೂಕ ಏರಲೇಬೇಕು. ಅದು ಗುಣವಾಗುತ್ತಿರುವುದರ ಗುರುತು. ಕಾಯಿಲೆಗೆ ಮುಂಚಿನ ತೂಕವನ್ನು ದಾಟಿ ಮುಳ್ಳು ಇನ್ನೂ ಮೇಲಕ್ಕೇ ಹೋಗುತ್ತಿದ್ದರೆ ಆಗ ಮಾತ್ರೆಯನ್ನು ಅನುಮಾನಿಸಬೇಕು. ಆದರೆ ಕಾಯಿಲೆಗೆ ಮುಂಚೆ ಎಷ್ಟು ತೂಗುತ್ತಿದ್ದಳು ಎಂಬುದು ಎಲ್ಲೂ ಬರೆದಿಟ್ಟಿರದಿದ್ದರೆ? ನಮ್ಮಲ್ಲಿ ಬಹುಪಾಲು ತೊಡಕು ಇರುವುದೇ ಇಲ್ಲಿ.

ಈಗ ಮಾತ್ರೆಯ ವಿಷಯ. ನೆಗಡಿಗೋ ತುರಿಕೆಗೋ ಅವಿಲ್ ನುಂಗಿ ತೂಕಡಿಸಿದ ಅನುಭವ ಯಾರಿಗಿಲ್ಲ? ಆ ಮಾತ್ರೆ ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸಕ್ಕೆ ತಡೆಯೊಡ್ಡುತ್ತದೆ. ಹಿಸ್ಟಮಿನ್ ಮೈಯಲ್ಲಿ ತುರಿಕೆ ತರುವುದಷ್ಟೇ ಅಲ್ಲ, ಮೆದುಳಿನಲ್ಲಿ ನಮ್ಮನ್ನು ಎಚ್ಚರವಾಗಿಯೂ ಇಡುತ್ತದೆ, ಹೈಪೋಥಲಾಮಸ್ ಎಂಬ ಪುಟ್ಟ ಭಾಗದಲ್ಲಿ ‘ಹೊಟ್ಟೆ ತುಂಬಿತು, ಸಾಕು’ ಎಂಬ ಸೂಚನೆ ಮೂಡಿಸುವುದರಲ್ಲೂ ಪಾಲು ಪಡೆಯುತ್ತದೆ. ಅದನ್ನು ತಡೆದರೆ ನಿದ್ದೆಯೂ ಬರುತ್ತದೆ, ಹಸಿವೂ ಏರುತ್ತದೆ. ಮಕ್ಕಳು ಸರಿಯಾಗಿ ಉಣ್ಣುವುದಿಲ್ಲವೆಂದು ನಮ್ಮ ಮೆಡಿಕಲ್ ಶಾಪುಗಳಲ್ಲಿ ಕೊಳ್ಳುವ ‘ಹಸಿವಿನ ಸಿರಪ್’ಗಳಲ್ಲಿ ಇರುವ ಸಿಪ್ರೋಹೆಪ್ಟಡಿನ್ ಕೂಡ ಇದೇ ಜಾತಿಯ ಔಷಧ. ಅಲ್ಲಿ ಇದೇ ಪರಿಣಾಮವನ್ನು ದುಡ್ಡು ಕೊಟ್ಟು ತರುತ್ತೇವೆ.

ಖಿನ್ನತೆಗೆ ಬಳಸುವ ಹಳೆಯ ಮಾತ್ರೆಗಳಲ್ಲಿ, ಮುಖ್ಯವಾಗಿ ಅಮಿಟ್ರಿಪ್ಟಿಲಿನ್‌ನಲ್ಲಿ, ಈ ಹಿಸ್ಟಮಿನ್ ತಡೆಯುವ ಗುಣ ಬಲವಾಗಿದೆ. ಜೊತೆಗೆ ಅದು ಬಾಯಿ ಒಣಗಿಸುತ್ತದೆ. ಬಾಯಾರಿದವರು ನೀರನ್ನೇ ಕುಡಿದರೆ ಚಿಂತೆಯಿಲ್ಲ; ನಾಲ್ಕು ಲೋಟ ಸಕ್ಕರೆ ಹಾಕಿದ ಚಹಾ, ಮಧ್ಯೆ ಒಂದು ಜ್ಯೂಸ್ ಆದರೆ ತೂಕಕ್ಕೆ ಇನ್ನೊಂದು ದಾರಿ ತೆರೆಯಿತು. ಅಮಿಟ್ರಿಪ್ಟಿಲಿನ್ ಅನ್ನು ಅರೆತಲೆನೋವಿಗೆ, ಸಕ್ಕರೆ ಕಾಯಿಲೆಯವರ ಕಾಲುರಿಗೆ, ನರದ ನೋವಿಗೆ ಸಣ್ಣ ಪ್ರಮಾಣದಲ್ಲಿ ಧಾರಾಳವಾಗಿ ಬರೆಯುತ್ತಾರೆ. ತಾವು ನುಂಗುತ್ತಿರುವುದು ಖಿನ್ನತೆಯ ಮಾತ್ರೆಯೂ ಹೌದು ಎಂಬ ಅರಿವು ಆ ರೋಗಿಗಳಲ್ಲಿ ಎಷ್ಟೋ ಮಂದಿಗೆ ಇರುವುದಿಲ್ಲ.

ತೂಕದ ವಿಷಯದಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲುವ ಮಾತ್ರೆಗಳಲ್ಲಿ ಒಂದು ಮಿರ್ಟಜಪಿನ್. ಅದು ಎರಡು ಕಡೆಯಿಂದ ಕೆಲಸ ಮಾಡುತ್ತದೆ. ಹಿಸ್ಟಮಿನ್ ತಡೆಯುವುದು ಒಂದು. ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ಬಂದು ಕೂತು ‘ಸಾಕು’ ಎನ್ನಿಸುವ ಒಂದು ಬಗೆಯ ರಿಸೆಪ್ಟರನ್ನೂ ಮುಚ್ಚಿಬಿಡುವುದು ಇನ್ನೊಂದು. ಶುರುಮಾಡಿದ ಮೊದಲ ವಾರಗಳಲ್ಲೇ ರಾತ್ರಿ ಹತ್ತರ ಮೇಲೆ ಅಡುಗೆಮನೆಯ ಡಬ್ಬಿಗಳು ಕರೆಯತೊಡಗುತ್ತವೆ. ಖಾರ, ರಸ್ಕು, ಬಿಸ್ಕತ್ತು, ತಣ್ಣಗಿನ ಅನ್ನ, ಏನಾದರೂ ಸರಿ. ಹೀಗಾದವರು ‘ನನ್ನ ಬಾಯಿಗೆ ಲಂಗುಲಗಾಮಿಲ್ಲ’ ಎಂದು ತಮ್ಮನ್ನೇ ಹಳಿದುಕೊಳ್ಳುವುದು ಬಹಳ ನೋವಿನ ಸಂಗತಿ. ಅದು ಅವರ ಚಪಲವಲ್ಲ, ಮೆದುಳಿನಲ್ಲಿ ಒಂದು ಸೂಚನೆ ಮಸುಕಾಗಿದೆ. ಇದೇ ಗುಣ ಕೆಲವರಿಗೆ ವರವೂ ಹೌದು. ಊಟ ಬಿಟ್ಟು, ನಿದ್ದೆ ಬಿಟ್ಟು ಕಡ್ಡಿಯಾಗಿರುವ 75ರ ಅಜ್ಜನಿಗೆ ಖಿನ್ನತೆ ಇದ್ದರೆ ಅನೇಕ ವೈದ್ಯರು ಮಿರ್ಟಜಪಿನ್ ಆರಿಸುವುದು ಈ ಕಾರಣಕ್ಕೇ. ಒಬ್ಬರಿಗೆ ಅಡ್ಡಪರಿಣಾಮವಾದದ್ದು ಇನ್ನೊಬ್ಬರಿಗೆ ಚಿಕಿತ್ಸೆಯ ಭಾಗ.

ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳ ನಂತರ ಬಂದದ್ದು ಸೆರೊಟೋನಿನ್ ಮಟ್ಟ ಏರಿಸುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು: ಫ್ಲುಆಕ್ಸೆಟಿನ್, ಸರ್ಟ್ರಲಿನ್, ಪ್ಯಾರಾಕ್ಸೆಟಿನ್, ಎಸಿಟಲೋಪ್ರಾಮ್. 1987ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫ್ಲುಆಕ್ಸೆಟಿನ್ ಮೊದಮೊದಲು ಹಸಿವನ್ನು ತಗ್ಗಿಸುತ್ತಿತ್ತು. ಅದನ್ನು ತೂಕ ಇಳಿಸುವ ಮದ್ದಾಗಿಯೂ ಪರೀಕ್ಷಿಸಿದರು. ಕೆಲವು ತಿಂಗಳು ತೂಕ ಇಳಿಯಿತು, ಆರು ತಿಂಗಳು ಕಳೆಯುವ ಹೊತ್ತಿಗೆ ಇಳಿದದ್ದು ಮರಳತೊಡಗಿತು. ಈ ಗುಂಪಿನ ಮಾತ್ರೆಗಳ ನಡೆ ಸಾಮಾನ್ಯವಾಗಿ ಹೀಗೆಯೇ: ಮೊದಲ ವಾರಗಳಲ್ಲಿ ಹೊಟ್ಟೆ ತೊಳಸಿ ಊಟ ಕಡಿಮೆಯಾಗುತ್ತದೆ, ಒಂದೆರಡು ಕೆ.ಜಿ. ಇಳಿಯಲೂಬಹುದು, ತಿಂಗಳುಗಳು ಉರುಳಿದಂತೆ ತೂಕ ನಿಧಾನವಾಗಿ ಮೇಲೇರುತ್ತದೆ. ಏಕೆ ಎಂಬುದಕ್ಕೆ ವಿಜ್ಞಾನಿಗಳೆಲ್ಲ ಒಪ್ಪಿದ ಒಂದೇ ವಿವರಣೆ ಇಲ್ಲ. ಸೆರೊಟೋನಿನ್ ಸದಾ ಹೆಚ್ಚಿದ್ದರೆ ‘ಸಾಕು’ ಎನ್ನಿಸುವ ರಿಸೆಪ್ಟರುಗಳು ಮಂದವಾಗುತ್ತವೆ ಎಂಬುದು ಒಂದು ವಾದ, ಮನಸ್ಸು ತಿಳಿಯಾಗಿ ಊಟದ ರುಚಿ ಮರಳುತ್ತದೆ ಎಂಬುದು ಇನ್ನೊಂದು. ಎರಡೂ ಸೇರಿಯೇ ಕೆಲಸ ಮಾಡುತ್ತಿರಬಹುದು.

ಒಂದೇ ಗುಂಪಿನ ಒಳಗೂ ವ್ಯತ್ಯಾಸ ದೊಡ್ಡದು. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಮೂರು ಎಸ್‌ಎಸ್‌ಆರ್‌ಐ ಮಾತ್ರೆಗಳನ್ನು ಸುಮಾರು ಅರ್ಧ ವರ್ಷಕ್ಕೂ ಮೇಲ್ಪಟ್ಟು ಹೋಲಿಸಿ ನೋಡಿದರು. ಪ್ಯಾರಾಕ್ಸೆಟಿನ್ ತೆಗೆದುಕೊಂಡವರಲ್ಲಿ ನಾಲ್ಕರಲ್ಲೊಬ್ಬರ ತೂಕ ಶೇ 7ಕ್ಕಿಂತ ಹೆಚ್ಚು ಏರಿತ್ತು. ಫ್ಲುಆಕ್ಸೆಟಿನ್, ಸರ್ಟ್ರಲಿನ್ ಗುಂಪುಗಳಲ್ಲಿ ಹಾಗೆ ಏರಿದವರು ನೂರಕ್ಕೆ ಏಳು ಮಂದಿಯನ್ನೂ ದಾಟಲಿಲ್ಲ. ಆ ಅಧ್ಯಯನ ಚಿಕ್ಕದು. 2024ರಲ್ಲಿ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದದ್ದು ದೊಡ್ಡದು: ಅಮೆರಿಕದ ಎಂಟು ಆರೋಗ್ಯ ವ್ಯವಸ್ಥೆಗಳ 1,83,118 ರೋಗಿಗಳ ದಾಖಲೆಗಳು. ಆರು ತಿಂಗಳಿಗೆ, ಸರ್ಟ್ರಲಿನ್ ಶುರುಮಾಡಿದವರಿಗಿಂತ ಎಸಿಟಲೋಪ್ರಾಮ್ ಶುರುಮಾಡಿದವರ ತೂಕ ಸರಾಸರಿ 0.41 ಕೆ.ಜಿ. ಹೆಚ್ಚು ಏರಿತ್ತು. ಪ್ಯಾರಾಕ್ಸೆಟಿನ್‌ಗೆ 0.37, ಬೇರೆ ಗುಂಪಿನ ಡ್ಯುಲಾಕ್ಸೆಟಿನ್‌ಗೆ 0.34. ಇನ್ನೊಂದು ಬಗೆಯ ಮಾತ್ರೆಯಾದ ಬುಪ್ರೊಪಿಯಾನ್ ತೆಗೆದುಕೊಂಡವರದು ಮಾತ್ರ 0.22 ಕೆ.ಜಿ. ಕಡಿಮೆಯಿತ್ತು.

ಅರ್ಧ ಕೆ.ಜಿ.ಗೂ ಕಡಿಮೆ! ಇಷ್ಟಕ್ಕೇ ಇಷ್ಟು ಭಯವೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಈ ಸರಾಸರಿಯ ಒಳಗೆ ಒಂದಿಷ್ಟೂ ಕದಲದವರು, ನಾಲ್ಕು ಕೆ.ಜಿ. ಇಳಿದವರು, ಎಂಟು ಕೆ.ಜಿ. ಏರಿದವರು ಎಲ್ಲರೂ ಕಲಸಿಹೋಗಿರುತ್ತಾರೆ. ಎಂಟು ಕೆ.ಜಿ. ಏರಿದವಳಿಗೆ ಸರಾಸರಿ 0.41 ಎಂದು ಹೇಳಿದರೆ ಸಮಾಧಾನವಾಗುವುದಿಲ್ಲ, ಅವಮಾನವಾಗುತ್ತದೆ. ಇನ್ನು ಆರು ತಿಂಗಳು ಎಂಬುದೂ ಚಿಕ್ಕ ಅವಧಿ. ಬ್ರಿಟನ್ನಿನ ಸುಮಾರು ಮೂರು ಲಕ್ಷ ಜನರ ದಾಖಲೆಗಳನ್ನು ಹತ್ತು ವರ್ಷದುದ್ದಕ್ಕೆ ನೋಡಿದ ಅಧ್ಯಯನವೊಂದು 2018ರಲ್ಲಿ ‘ಬಿಎಂಜೆ’ ಪತ್ರಿಕೆಯಲ್ಲಿ ಬಂತು. ತೂಕ ಶೇ 5ಕ್ಕಿಂತ ಹೆಚ್ಚು ಏರುವ ಸಂಭವ ಎದ್ದು ಕಂಡದ್ದು ಚಿಕಿತ್ಸೆಯ ಎರಡನೆಯ, ಮೂರನೆಯ ವರ್ಷಗಳಲ್ಲಿ. 59 ಜನ ವರ್ಷಕಾಲ ಮಾತ್ರೆ ತೆಗೆದುಕೊಂಡರೆ ಅದರಿಂದಾಗಿ ಅಷ್ಟು ತೂಕ ಏರುವವರು ಒಬ್ಬರು ಹೆಚ್ಚುವರಿ ಎಂಬುದು ಅವರ ಲೆಕ್ಕ. ಮಿರ್ಟಜಪಿನ್ ಇಲ್ಲೂ ಮೊದಲ ಸಾಲಿನಲ್ಲಿತ್ತು. 2025ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ವಿಶ್ಲೇಷಣೆ 30 ಖಿನ್ನತೆಯ ಔಷಧಗಳನ್ನು ಹೋಲಿಸಿತು. ಸುಮಾರು ಎಂಟು ವಾರಗಳ ಪ್ರಯೋಗಗಳಲ್ಲೇ ತುದಿಯಿಂದ ತುದಿಗೆ ಹೆಚ್ಚುಕಡಿಮೆ ನಾಲ್ಕು ಕೆ.ಜಿ. ಅಂತರ ಕಂಡಿತು. ಅಂದರೆ ‘ಖಿನ್ನತೆಯ ಮಾತ್ರೆ’ ಎಂದು ಎಲ್ಲವನ್ನೂ ಒಟ್ಟುಗೂಡಿಸಿ ಮಾತಾಡುವುದರಲ್ಲೇ ಅರ್ಥವಿಲ್ಲ. ಹೆಸರು ಹಿಡಿದು ಕೇಳಬೇಕು.

ಈ ಅಂಕಿಗಳು ಹೆಚ್ಚಾಗಿ ಅಮೆರಿಕ, ಯುರೋಪಿನ ಮೈಗಳವು. ನಮ್ಮ ಮೈಯ ಲೆಕ್ಕ ಬೇರೆ. ಭಾರತೀಯರಿಗೆ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುತ್ತದೆ, ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲೇ ಹಿಡಿಯುತ್ತದೆ. ಅದಕ್ಕೇ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, 23 ದಾಟಿದರೆ ಅತಿತೂಕ, 25ಕ್ಕೆ ಬೊಜ್ಜು ಎಂದು ನಮ್ಮಲ್ಲಿ ಎಣಿಸುತ್ತಾರೆ. ಪಾಶ್ಚಾತ್ಯರಿಗೆ ಈ ಗೆರೆಗಳು 25 ಮತ್ತು 30. ಸೊಂಟದ ಸುತ್ತಳತೆಯ ಮಿತಿ ನಮ್ಮಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಐಸಿಎಂಆರ್ ನೆರವಿನ ರಾಷ್ಟ್ರಮಟ್ಟದ ಸಮೀಕ್ಷೆ 2023ರಲ್ಲಿ ದೇಶದ ಸಕ್ಕರೆ ಕಾಯಿಲೆಯವರನ್ನು 10.1 ಕೋಟಿ ಎಂದು ಅಂದಾಜಿಸಿತು. ಅಪ್ಪನಿಗೂ ಚಿಕ್ಕಪ್ಪನಿಗೂ ಸಕ್ಕರೆ ಕಾಯಿಲೆ ಇರುವ ಮನೆಯ ಹುಡುಗನಿಗೆ ನಾಲ್ಕು ಕೆ.ಜಿ. ಏರುವುದು ಅಂದಚೆಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಚೀಟಿಯಲ್ಲಿ ಖಿನ್ನತೆಯ ಮಾತ್ರೆಯ ಜೊತೆ ಇನ್ನೇನಿದೆ ಎಂಬುದನ್ನೂ ನೋಡಬೇಕು. ತೀವ್ರ ಖಿನ್ನತೆಗೆ ಒಲಾನ್ಜಪಿನ್, ಕ್ವಿಟಿಯಪಿನ್‌ನಂಥ ಔಷಧಗಳನ್ನು ಸೇರಿಸುವುದುಂಟು, ನಿದ್ದೆಗೆಂದು ಕೊಡುವುದೂ ಉಂಟು. ಇವು ಮೂಲತಃ ಬೇರೆ ಗುಂಪಿನವು. ಅದರಲ್ಲೂ ಒಲಾನ್ಜಪಿನ್ ತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸುವುದರಲ್ಲಿ ಯಾವ ಎಸ್‌ಎಸ್‌ಆರ್‌ಐಗೂ ಸಾಟಿಯಿಲ್ಲದಷ್ಟು ಮುಂದು. ತಪ್ಪು ಇದರದ್ದಾಗಿ, ಬೈಗುಳ ಎಸಿಟಲೋಪ್ರಾಮ್ ತಿನ್ನುವುದು ಅಪರೂಪವಲ್ಲ. ಥೈರಾಯ್ಡ್ ಕುಂದಿದ್ದರೂ ಅಷ್ಟೇ. ಮನಸ್ಸು ಮಂಕಾಗುವುದು, ಮೈ ಭಾರವಾಗುವುದು ಎರಡನ್ನೂ ಅದೊಂದೇ ತರಬಲ್ಲದು. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ಸಂಗತಿ ಇದು.

ಇಷ್ಟೆಲ್ಲ ವಿವರಿಸಲು ಕಾರಣವಿದೆ. ನಮ್ಮಲ್ಲಿ ಮನಸ್ಸಿನ ಮಾತ್ರೆ ಗುಟ್ಟಿನ ಮಾತ್ರೆ. ಬೀರುವಿನ ಸೀರೆಯ ಅಡಿಯಲ್ಲೋ ಆಫೀಸ್ ಬ್ಯಾಗಿನ ಒಳಜೇಬಿನಲ್ಲೋ ಇರುತ್ತದೆ. ಗಂಡನ ಮನೆಯವರಿಗೆ ಅದು ‘ನಿದ್ದೆ ಮಾತ್ರೆ’ ಅಥವಾ ‘ವಿಟಮಿನ್’. ಆದರೆ ಏರಿದ ತೂಕವನ್ನು ಬೀರುವಿನಲ್ಲಿ ಮುಚ್ಚಿಡಲಾಗದು. ಮದುವೆಮನೆಯ ಊಟದ ಪಂಕ್ತಿಯಲ್ಲಿ ಅತ್ತೆಯೋ ಚಿಕ್ಕಮ್ಮನೋ ‘ಏನೇ ಇದು, ಹೀಗೆ ಊದಿಕೊಂಡಿದ್ದೀಯಲ್ಲ!’ ಎನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಅವಳಿಗೆ ಕಾರಣ ಗೊತ್ತು, ಹೇಳುವ ಹಾಗಿಲ್ಲ. ತನ್ನ ಬಗ್ಗೆ ತನಗೇ ಹೇಸಿಗೆ ಹುಟ್ಟಿಸುವ ಕಾಯಿಲೆಯಿಂದ ಈಗಷ್ಟೇ ಏಳುತ್ತಿರುವವಳ ಕಿವಿಗೆ ಆ ಮಾತು ಹೇಗೆ ಬೀಳುತ್ತದೆಂದು ಆಡಿದವರು ಯೋಚಿಸಿರುವುದಿಲ್ಲ. ಮರುದಿನದಿಂದ ಮಾತ್ರೆ ನಿಲ್ಲುತ್ತದೆ, ಡಾಕ್ಟರಿಗೆ ಹೇಳದೆ.

ನನ್ನ ಮಟ್ಟಿಗೆ ತೂಕದ ನಿಜವಾದ ಅಪಾಯ ಇದು. ಆ 2024ರ ಅಧ್ಯಯನದಲ್ಲಿ ಆರು ತಿಂಗಳಿಗೆ ಶುರುಮಾಡಿದ ಮಾತ್ರೆಯನ್ನೇ ಮುಂದುವರಿಸುತ್ತಿದ್ದವರು ಔಷಧಕ್ಕೆ ತಕ್ಕಂತೆ ಶೇ 28ರಿಂದ 41 ಮಾತ್ರ. ಎಲ್ಲರೂ ತೂಕಕ್ಕೇ ನಿಲ್ಲಿಸಿದರೆಂದಲ್ಲ, ಆದರೆ ನಿಲ್ಲಿಸಲು ಜನ ಕೊಡುವ ಕಾರಣಗಳಲ್ಲಿ ಅದೂ ಒಂದು. ಪ್ಯಾರಾಕ್ಸೆಟಿನ್, ವೆನ್ಲಫಾಕ್ಸಿನ್‌ನಂಥವನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟು ಹೊಡೆದಂತಾಗುವುದು, ಸಿಡುಕು, ಕೆಟ್ಟ ಕನಸುಗಳು ಬರಬಹುದು. ಅದಕ್ಕಿಂತ ದೊಡ್ಡದು ಕಾಯಿಲೆ ಮರಳುವುದು. ದೀರ್ಘಕಾಲ ಮಾತ್ರೆ ತೆಗೆದುಕೊಂಡು ‘ಈಗ ಚೆನ್ನಾಗಿದ್ದೇನೆ, ಬಿಡಬಹುದು’ ಎನ್ನುತ್ತಿದ್ದವರನ್ನೇ ಆರಿಸಿಕೊಂಡು ಇಂಗ್ಲೆಂಡಿನಲ್ಲಿ ನಡೆಸಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಂತಹಂತವಾಗಿ ಬಿಟ್ಟವರಲ್ಲಿ ಶೇ 56 ಮಂದಿಗೆ ವರ್ಷದೊಳಗೆ ಖಿನ್ನತೆ ಮರಳಿತು. ಮುಂದುವರಿಸಿದವರಲ್ಲಿ ಶೇ 39 ಮಂದಿಗೆ. ವೈದ್ಯರ ಕಣ್ಗಾವಲಿನಲ್ಲಿ ನಿಧಾನವಾಗಿ ಬಿಟ್ಟಾಗಲೇ ಹೀಗಾದರೆ ಗುಟ್ಟಾಗಿ, ಒಂದೇ ದಿನಕ್ಕೆ ಬಿಟ್ಟವರ ಪಾಡೇನು?

ಈ ಲೇಖನ ಓದಿ ಯಾರೂ ಮಾತ್ರೆ ಬೇಡವೆನ್ನಬಾರದು ಎಂಬುದು ನನ್ನ ಕಳಕಳಿ. ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಖಿನ್ನತೆ ಇರುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆ 85ಕ್ಕೆ ಇನ್ನೊಬ್ಬರು ಸೇರುವುದು ಬೇಡ. ತೂಕದ ಭಯವನ್ನು ಬಾಯಿಬಿಟ್ಟು ಹೇಳಿದರೆ ಅದಕ್ಕೆ ಮದ್ದಿದೆ, ಹೇಳದಿದ್ದರೆ ಇಲ್ಲ.

ಮೊದಲ ಭೇಟಿಯಲ್ಲೇ ತೂಕ, ಸೊಂಟದಳತೆ, ಸಕ್ಕರೆ ಮೂರನ್ನೂ ಚೀಟಿಯ ಮೇಲೆ ಬರೆಯಿಸಿಕೊಳ್ಳಿ. ಡಾಕ್ಟರು ಬರೆಯದಿದ್ದರೆ ನೀವೇ ಕೇಳಿ, ಇದರಲ್ಲಿ ಸಂಕೋಚವೇನಿಲ್ಲ. ಕಾಯಿಲೆಗೆ ಮುಂಚೆ ಎಷ್ಟಿದ್ದೆ ಎಂಬುದು ನೆನಪಿದ್ದರೆ ಅದನ್ನೂ ಹೇಳಿ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಬೆಳಿಗ್ಗೆ ತಿಂಡಿಗೆ ಮುಂಚೆ ತೂಗಿದರೆ ಸಾಕು. ದಿನಕ್ಕೆ ಮೂರು ಸಲ ಹತ್ತಿ ಇಳಿದರೆ ಮನಸ್ಸು ಕೆಡುತ್ತದೆ. ಮೊದಲ ತಿಂಗಳಲ್ಲೇ ಸರಸರನೆ ಏರಿದವರಿಗೆ ಮುಂದೆಯೂ ಏರುವ ಸಂಭವ ಹೆಚ್ಚು. ಆದ್ದರಿಂದ ಎರಡು ವರ್ಷ ಕಾದು ಹತ್ತು ಕೆ.ಜಿ. ಇಳಿಸಲು ಹೆಣಗುವುದಕ್ಕಿಂತ ಎರಡು ಕೆ.ಜಿ. ಏರಿದಾಗಲೇ ವೈದ್ಯರ ಹತ್ತಿರ ಮಾತಾಡುವುದು ಲೇಸು.

ನಡಿಗೆ, ಊಟದ ಹಿಡಿತದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದು ನಿಜ, ನಡಿಗೆ ಖಿನ್ನತೆಗೂ ಒಳ್ಳೆಯದು. ಆದರೆ ಹಾಸಿಗೆ ಬಿಟ್ಟೇಳುವುದೇ ಬೆಟ್ಟ ಹತ್ತಿದಂತಿರುವವರಿಗೆ ‘ದಿನಾ ಐದು ಕಿಲೋಮೀಟರ್ ನಡೀರಿ’ ಎನ್ನುವುದು ಕ್ರೌರ್ಯ. ಮಾತ್ರೆ ಹಿಡಿದು ಮನಸ್ಸು ತುಸು ಎದ್ದ ಮೇಲೆ ಬೀದಿಯ ಕೊನೆಯವರೆಗೆ, ಜೊತೆಗೊಬ್ಬರಿದ್ದು, ಶುರುವಾದರೆ ಸಾಕು. ರಾತ್ರಿಯ ಹಸಿವು ಮಾತ್ರೆಯದೆಂದು ಮನೆಯವರಿಗೆ ಗೊತ್ತಿದ್ದರೆ ಕೈಗೆ ಸಿಗುವಲ್ಲಿ ಖಾರದ ಡಬ್ಬಿಯ ಬದಲು ಸೌತೆಕಾಯಿ, ಮಜ್ಜಿಗೆ, ಒಂದು ಹಿಡಿ ಹುರಿಗಡಲೆ ಇಡಬಹುದು. ಆಗ ರೋಗಿ ಒಬ್ಬರೇ ಹೋರಾಡಬೇಕಿಲ್ಲ.

ಇಷ್ಟಾದರೂ ತೂಕ ಏರುತ್ತಲೇ ಇದ್ದರೆ ಮಾತ್ರೆ ಬದಲಿಸುವ ದಾರಿ ತೆರೆದೇ ಇದೆ. ಬುಪ್ರೊಪಿಯಾನ್ ತೂಕ ಏರಿಸುವುದಿಲ್ಲ, ಕೆಲವರಿಗೆ ಇಳಿಸುತ್ತದೆ. ನಾಲ್‌ಟ್ರೆಕ್ಸೋನ್ ಎಂಬ ಔಷಧದ ಜೊತೆ ಸೇರಿಸಿ ಅದನ್ನು ಬೊಜ್ಜಿಗೆ ಬಳಸಲು ಅಮೆರಿಕ 2014ರಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೆ ಫಿಟ್ಸ್ ಇರುವವರಿಗೆ, ತಿಂದು ವಾಂತಿಮಾಡಿಕೊಳ್ಳುವ ಬುಲಿಮಿಯಾ ಕಾಯಿಲೆಯವರಿಗೆ ಅದು ಕೂಡದು. ಆತಂಕ ಹೆಚ್ಚಿರುವವರಿಗೆ, ನಿದ್ದೆ ಬಾರದವರಿಗೆ ಸರಿಹೊಂದದಿರಬಹುದು. ವೋರ್ಟಿಯಾಕ್ಸೆಟಿನ್ ತೂಕದ ತಂಟೆಗೆ ಹೆಚ್ಚು ಹೋಗುವುದಿಲ್ಲ. ಅಗೋಮೆಲಟಿನ್ ಕೂಡ ಹಾಗೆಯೇ, ಆದರೆ ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು. ಹಳೆಯ ಮಾತ್ರೆಯಲ್ಲಿ ಪೂರ್ತಿ ಗುಣ ಕಂಡವರಿಗೆ ಹೊಸದರಲ್ಲೂ ಅಷ್ಟೇ ಗುಣ ಸಿಕ್ಕೀತೆಂಬ ಖಾತರಿಯಿಲ್ಲ. ಹೀಗಾಗಿ ಮೂರು ಕೆ.ಜಿ. ಒಪ್ಪಿಕೊಂಡು ಅದೇ ಮಾತ್ರೆಯಲ್ಲಿ ಉಳಿಯುವುದು ಒಬ್ಬರ ಮಟ್ಟಿಗೆ ಸರಿಯಾದ ತೀರ್ಮಾನ, ಬದಲಿಸುವುದು ಇನ್ನೊಬ್ಬರ ಮಟ್ಟಿಗೆ. ತೀರ್ಮಾನದಲ್ಲಿ ರೋಗಿಯ ಮಾತಿಗೆ ವೈದ್ಯರ ಮಾತಿನಷ್ಟೇ ತೂಕವಿರಬೇಕು.

ಬದಲಿಸುವಾಗ ಸಾಮಾನ್ಯವಾಗಿ ಹಳೆಯದನ್ನು ವಾರಗಳ ಕಾಲ ಇಳಿಸುತ್ತಾ ಹೊಸದನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಈ ನಡುವಿನ ದಿನಗಳಲ್ಲಿ ನಿದ್ದೆ ಕೆಟ್ಟರೆ, ಸಾಯುವ ಯೋಚನೆ ತಲೆ ಎತ್ತಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬಾರದು. 14416 ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ. ಹಗಲಿರುಳೂ ಇರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.